ಕಣ್ಣಡಿ ಮೀಮಾಂಸೆ: ಹೊಸ ತಿಪ್ಪಸಂದ್ರದ ಸಾಕ್ಷ್ಯಸಹಿತ

ಐವತ್ತು ದಾಟಿದ ಮುಖದಲ್ಲಿ, ಕೆಳರೆಪ್ಪೆಯ ಕೂದಲಿಂದ ಕೆನ್ನೆಯ ಏರು ಶುರುವಾಗುವವರೆಗೆ, ಎರಡು ಬೆರಳಗಲ ಮೀರದ ಒಂದು ಪ್ರದೇಶವಿದೆ. ಅದರ ಮೇಲೆ ಬಣ್ಣ ಹಚ್ಚಬಹುದೇ, ಹಚ್ಚಿದರೆ ನಿಂತೀತೇ, ನಿಂತರೆ ಯಾರಿಗೆ ಏನು ಲಾಭ ಎಂಬುದು ಪ್ರಸ್ತುತ ಪ್ರಬಂಧದ ವಿಷಯ. ಇದನ್ನು ಓದಲು ಅಧಿಕಾರಿಗಳು ಯಾರೆಂದರೆ, ಲಿಫ್ಟಿನ ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡಿ 'ಯಾರಪ್ಪಾ ಇವರು' ಎಂದು ಒಮ್ಮೆಯಾದರೂ ಪಕ್ಕಕ್ಕೆ ಸರಿದು ಜಾಗ ಬಿಟ್ಟವರು. ಪ್ರಯೋಜನವನ್ನು ಶಾಸ್ತ್ರದ ಪದ್ಧತಿ ಮೀರಿ ಆಮೇಲೆ ಹೇಳಲಾಗುವುದು.

ಪೂರ್ವಸೂರಿಗಳಿಂದ ಹೆಚ್ಚು ಸಹಾಯವಿಲ್ಲ. ಭರತಮುನಿ ನಾಟ್ಯಶಾಸ್ತ್ರದಲ್ಲಿ ಆಹಾರ್ಯಾಭಿನಯಕ್ಕೆ ಇಡೀ ಅಧ್ಯಾಯವನ್ನೇ ಮೀಸಲಿಟ್ಟ. ಬಿಳಿ, ನೀಲಿ, ಹಳದಿ, ಕೆಂಪು ಎಂಬ ಮೂಲವರ್ಣಗಳನ್ನು ಬೆರೆಸುವ ಕ್ರಮ ಹೇಳಿದ. ಯಾವ ದೇವತೆಗೆ, ಯಾವ ಜನಕ್ಕೆ ಯಾವ ಬಣ್ಣ ಎಂದು ವಿಂಗಡಿಸಿದ. ಪಿಂಚಣಿದಾರರಿಗೆ ಯಾವುದೆಂದು ಹೇಳದೆ ಬಿಟ್ಟ. ಆ ಕೊರತೆಯನ್ನು ತುಂಬುವ ಭಾರ ಕಾಲಕ್ರಮದಲ್ಲಿ ಬೆಂಗಳೂರಿನ ಎಚ್‌ಎಎಲ್ ಮೂರನೇ ಹಂತದ, ಅಂದರೆ ಹೊಸ ತಿಪ್ಪಸಂದ್ರದ, ಮೇಲೆ ಬಿದ್ದಿದೆ.

ಕ್ಷೇತ್ರಕಾರ್ಯಕ್ಕೆ ಹೊಸ ತಿಪ್ಪಸಂದ್ರವನ್ನು ಆರಿಸಿಕೊಂಡದ್ದಕ್ಕೆ ಕಾರಣ ಲೇಖಕಿಯ ಮನೆ ಅಲ್ಲಿರುವುದು. ವೈಜ್ಞಾನಿಕ ಕಾರಣಗಳನ್ನು ಆಮೇಲೆ ಹುಡುಕಲಾಯಿತು, ಸಿಕ್ಕವು ಕೂಡ. ಪಶ್ಚಿಮಕ್ಕಿರುವ ಇಂದಿರಾನಗರದಲ್ಲಿ ಇದೇ ಎರಡು ಬೆರಳಗಲದ ಜಾಗಕ್ಕೆ ಸೂಜಿಯಿಂದ ಫಿಲ್ಲರ್ ತುಂಬುವ ಕ್ಲಿನಿಕ್ಕುಗಳಿವೆ. ನಮ್ಮ ಮೇನ್ ರೋಡಿನಲ್ಲಿ ಅದರ ಬದಲು ಫ್ಯಾನ್ಸಿ ಸ್ಟೋರುಗಳಿವೆ. 1940ರಲ್ಲಿ ಹುಟ್ಟಿದ ಎಚ್‌ಎಎಲ್, 1964ರಲ್ಲಿ ಹುಟ್ಟಿದ ಬಿಇಎಂಎಲ್, ಎರಡರಿಂದಲೂ ನಿವೃತ್ತರಾದವರು ಸುತ್ತ ದಟ್ಟವಾಗಿ ಹರಡಿರುವುದರಿಂದ ಮಾದರಿಗಳಿಗೆ ಬರವಿಲ್ಲ. ಎಚ್‌ಎಎಲ್ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 888 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಮೇಲೇರಿದರೆ ಬಿಸಿಲಿನ ನೇರಳಾತೀತ ಕಿರಣ ಹೆಚ್ಚುಕಡಿಮೆ ಶೇ 10ರಷ್ಟು ಜಾಸ್ತಿ. 'ಬೆಂಗಳೂರು ತಂಪು' ಎಂದು ನಂಬಿ ಛತ್ರಿಯಿಲ್ಲದೆ ತಿರುಗಿದ ತಲೆಮಾರು ಆ ಸಾಲದ ಬಡ್ಡಿಯನ್ನು ಈಗ ಕಣ್ಣಡಿಯಲ್ಲಿ ಕಟ್ಟುತ್ತಿದೆ. ಖಾಲಿ ಸೈಟುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡದ ಪರಾಗಕ್ಕೆ ಕಣ್ಣು ತುರಿಸಿ, ಉಜ್ಜಿ ಉಜ್ಜಿ ಕಪ್ಪು ಮಾಡಿಕೊಂಡವರದು ಬೇರೆಯೇ ಉಪಜಾತಿ.

ಇನ್ನು ಭೂಗರ್ಭ ವಿಚಾರ. ರೆಪ್ಪೆಯ ಚರ್ಮ ಶರೀರದಲ್ಲೇ ಅತಿ ತೆಳುವಾದದ್ದು, ಸುಮಾರು ಅರ್ಧ ಮಿಲಿಮೀಟರ್. ಅದರಡಿಯಲ್ಲಿ ಮೇದಸ್ಸು ಇಲ್ಲವೆಂಬಷ್ಟು ಕಡಿಮೆ. ಬಿಟ್ಟರೆ ಕಣ್ಣು ಮುಚ್ಚಿಸುವ ಸ್ನಾಯು, ಅದರ ರಕ್ತನಾಳಗಳು. ವಯಸ್ಸಾದಂತೆ ಕೊಲಾಜೆನ್ ಕುಗ್ಗಿ ಚರ್ಮ ಇನ್ನೂ ತೆಳುವಾಗುತ್ತದೆ, ಒಳಗಿನದು ಹೊರಗೆ ತೋರುತ್ತದೆ. ತೋರುವ ರಕ್ತ ಕೆಂಪಗಿದ್ದರೂ ಕಾಣುವುದು ಮಾತ್ರ ನೀಲಿ. ಬೆಳಕಿನ ಚದುರುವಿಕೆಯ ಬಗೆಗಿನ ಕೆಲಸಕ್ಕೆ 1930ರಲ್ಲಿ ನೊಬೆಲ್ ಪಡೆದವರ ಹೆಸರು ಹೊತ್ತ ಸಿ.ವಿ. ರಾಮನ್ ನಗರ ನಮಗೆ ಕೂಗಳತೆಯಲ್ಲಿದೆ; ಹಾಗೆಂದು ನಮ್ಮ ಕಣ್ಣಡಿಯ ನೀಲಿಯನ್ನು ರಾಮನ್ ಪರಿಣಾಮ ಎಂದು ಕರೆದು ಜಂಬಪಡುವಂತಿಲ್ಲ. ಚರ್ಮದೊಳಗೆ ಆಳಕ್ಕಿಳಿದ ಕೆಂಪು ಬೆಳಕನ್ನು ರಕ್ತ ನುಂಗಿಕೊಳ್ಳುತ್ತದೆ, ನೀಲಿ ಮೇಲಿನಿಂದಲೇ ಚದುರಿ ವಾಪಸು ಬರುತ್ತದೆ, ಅಷ್ಟೆ. ಆದರೂ ಸಂಬಂಧ ಪೂರ್ತಿ ಕಡಿದುಹೋಗಿಲ್ಲ: ರಾಮನ್ ತಮ್ಮ ಕೊನೆಗಾಲದಲ್ಲಿ ಬೆಂಗಳೂರಿನಲ್ಲಿ ಕೂತು, ಕಣ್ಣು ಬಣ್ಣವನ್ನು ಕಾಣುವ ಬಗೆಯನ್ನೇ ಅಧ್ಯಯನ ಮಾಡಿ 1968ರಲ್ಲಿ ಪುಸ್ತಕ ಹೊರತಂದರು. ಕಣ್ಣಿನ ಒಳಗಿನ ಕೆಲಸವನ್ನು ಅವರು ಮುಗಿಸಿದ್ದರಿಂದ ಹೊರಗಿನದು ಮಾತ್ರ ಈ ಲೇಖಕಿಯ ಪಾಲಿಗೆ ಉಳಿಯಿತು.

ನೀಲಿಯ ಜೊತೆಗೆ ನಮ್ಮ ಜನಕ್ಕೆ ಮೆಲನಿನ್ನಿನ ಕಂದೂ ಇದೆ. ಅದು ವಂಶದ ಆಸ್ತಿ, ಭಾಗ ಮಾಡಿಕೊಳ್ಳದೆಯೇ ಎಲ್ಲರಿಗೂ ಸಿಗುತ್ತದೆ. ಮೂರನೆಯದು ಚೀಲ. ಕಣ್ಣುಗುಡ್ಡೆಗೆ ಮೆತ್ತೆಯಾಗಿದ್ದ ಕೊಬ್ಬನ್ನು ಹಿಡಿದಿಟ್ಟಿದ್ದ ಪೊರೆ ಸಡಿಲವಾಗಿ, ಕೊಬ್ಬು ಮುಂದಕ್ಕೆ ಬಾಗಿ ಬಂದು, ಕೆಳಗೊಂದು ನೆರಳು ಬೀಳುತ್ತದೆ. ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ನೀಲಿಯೂ ಕಂದೂ ಬಣ್ಣಗಳು. ಬಣ್ಣದ ಮೇಲೆ ಬಣ್ಣ ಹಚ್ಚಬಹುದು. ಚೀಲದ್ದು ನೆರಳು, ನೆರಳಿಗೆ ಬಣ್ಣ ಹತ್ತುವುದಿಲ್ಲ. ಚೀಲದ ಮೇಲೆ ತಿಳಿ ಶೇಡ್ ಬಳಿದರೆ ಅದು ಇನ್ನೂ ಉಬ್ಬಿ, ಟ್ಯೂಬ್‌ಲೈಟಿನ ಕೆಳಗೆ ತನ್ನ ಎಲ್ಲೆಗಳನ್ನು ತಾನೇ ಗುರುತಿಸಿ ಕೊಡುತ್ತದೆ. ಸೌಂದರ್ಯಶಾಸ್ತ್ರದ ಅರ್ಧ ದುಃಖ ಇದೊಂದು ಭೇದ ತಿಳಿಯದ್ದರಿಂದ ಬಂದದ್ದು.

ಲೇಪದ ಇತಿಹಾಸವನ್ನು ಬೇಗ ದಾಟೋಣ. ಕಂಪನಿ ನಾಟಕದಲ್ಲೂ ಯಕ್ಷಗಾನದಲ್ಲೂ ಮುಖಕ್ಕೆ ದಪ್ಪ ಬಣ್ಣ ಬಳಿದದ್ದು ಕೊನೆಯ ಸಾಲಿನವನಿಗೂ ಕಾಣಲಿ ಎಂದು. ಹಾಲಿವುಡ್‌ನಲ್ಲಿ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ಕ್ಯಾಮೆರಾಗೆಂದು ಮಾಡಿದ ಪ್ಯಾನ್-ಕೇಕನ್ನು 1938ರಲ್ಲಿ ಅಂಗಡಿಗೂ ತಂದಿತು. 1954ರಲ್ಲಿ, ಕಲೆ ಮರೆಸಲೆಂದೇ ಒಂದು ಕಡ್ಡಿಯನ್ನು ಹೊರತಂದಿತು. ಇತ್ತ 1952ರಲ್ಲಿ ಟಾಟಾದವರ ಲ್ಯಾಕ್ಮೆ ಶುರುವಾಗಿತ್ತು, ಆದರೂ ನಮ್ಮ ತಾಯಂದಿರು ಹರಳೆಣ್ಣೆ ದೀಪದ ಕಾಡಿಗೆ ಮತ್ತು ಪೌಡರಿನಾಚೆ ಹೋಗಲಿಲ್ಲ. ಕಣ್ಣಡಿ ಕಪ್ಪನ್ನು ಕಾಡಿಗೆ ಹರಡಿದ್ದೆಂದು ಹೇಳಿ ದಾಟಿಸಿಬಿಡುವ ಅವರ ಉಪಾಯವನ್ನು ಯಾವ ಕಂಪನಿಯೂ ಇನ್ನೂ ಮೀರಿಸಿಲ್ಲ.

ರಂಗಸ್ಥಳಕ್ಕೂ ಕ್ಯಾಮೆರಾಗೂ ಒಂದು ಅನುಕೂಲವಿತ್ತು, ನೋಡುವವರು ದೂರದಲ್ಲಿದ್ದರು. ತಿಪ್ಪಸಂದ್ರದ ಮೇನ್ ರೋಡಿನ ಸಂಜೆ ಆರರ ಫುಟ್‌ಪಾತ್ ಇದಕ್ಕೆ ವಿರುದ್ಧವಾದ ಸಾಕ್ಷ್ಯ ಒದಗಿಸುತ್ತದೆ. ತಳ್ಳುಗಾಡಿ, ಸ್ಕೂಟರು, ಚಪ್ಪಲಿ ಅಂಗಡಿಯ ಹೊರಚಾಚಿದ ಸ್ಟ್ಯಾಂಡು, ಇವುಗಳ ನಡುವೆ ಪರಿಚಯದವರಿಬ್ಬರು ಎದುರಾದರೆ ಮುಖಕ್ಕೂ ಮುಖಕ್ಕೂ ಒಂದು ಮೊಳ ಇದ್ದರೆ ಹೆಚ್ಚು. ಆ ದೂರದಲ್ಲಿ ಫುಲ್ ಕವರೇಜ್ ಕನ್ಸೀಲರ್ ತನ್ನ ಕಥೆಯನ್ನೆಲ್ಲ ತಾನೇ ಹೇಳಿಕೊಳ್ಳುತ್ತದೆ. ಅದರಲ್ಲಿರುವುದು ಟೈಟಾನಿಯಂ ಡೈಆಕ್ಸೈಡ್, ಕಬ್ಬಿಣದ ಆಕ್ಸೈಡುಗಳು, ಆರಿಹೋಗುವ ಸಿಲಿಕೋನ್ ಎಣ್ಣೆ. ಎಣ್ಣೆ ಆರಿದ ಮೇಲೆ ಬಣ್ಣದ ತೆಳು ಪದರ ಉಳಿಯುತ್ತದೆ. ಎಳೆ ಚರ್ಮದಲ್ಲಿ ಜಿಡ್ಡಿದೆ, ಹಿಗ್ಗಿ ಕುಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಒಣಗಿದ ಚರ್ಮ ಹಾಗಲ್ಲ. ಒಂದು ಸಲ ನಕ್ಕರೆ ಸಾಕು, ಪದರವೆಲ್ಲ ಗೆರೆಗಳಿಗೆ ಇಳಿದು ಕೂರುತ್ತದೆ. ಮೇನ್ ರೋಡಿನಲ್ಲಿ ಹೊಸ ಡಾಂಬರಿನ ತೇಪೆ ಬಿದ್ದ ಮೇಲೆಯೇ ಅಲ್ಲೊಂದು ಗುಂಡಿ ಇತ್ತೆಂದು ಎಲ್ಲರಿಗೂ ಗೊತ್ತಾಗುವ ಹಾಗೆ.

ಇಲ್ಲಿ ಪೂರ್ವಪಕ್ಷ: ಹಾಗಾದರೆ ಯಾಕೆ ಹಚ್ಚಬೇಕು? ವಯಸ್ಸು ಮುಚ್ಚಿಡಲೇ? ಇದು ಕಾಂಪ್ಯಾಕ್ಟ್ ಮಾರುವವರ ಮತ, ಜೊತೆಗೆ ಹಲವು ಗಂಡಂದಿರದೂ ಹೌದು. ಖಂಡನೆಗೆ ಹೆಚ್ಚು ಶ್ರಮ ಬೇಡ. ನಮ್ಮ ವಯಸ್ಸು ಅಕ್ಕಪಕ್ಕದ ಮನೆಗಳಿಗೆ ಗೊತ್ತು, ಆಧಾರ್ ಕಾರ್ಡಿಗೆ ಗೊತ್ತು, ಮೆಟ್ಟಿಲು ಹತ್ತುವಾಗ ಮಂಡಿ ಇಡೀ ಕಟ್ಟಡಕ್ಕೆ ಕೇಳುವಂತೆ ಸಾರುತ್ತದೆ. ಮುಚ್ಚಿಡಲು ಏನೂ ಉಳಿದಿಲ್ಲ.

ಸಿದ್ಧಾಂತ ಹೀಗೆ: ಕಣ್ಣಡಿ ಲೇಪದ ಪರಮ ಪ್ರಯೋಜನ ಪ್ರಶ್ನಾನಿವಾರಣ. ಲೇಪವಿಲ್ಲದೆ ಹೊರಬಿದ್ದ ಹೆಂಗಸಿಗೆ ಹೊಸ ತಿಪ್ಪಸಂದ್ರದಲ್ಲಿ ಎದುರಾಗುವ ಪ್ರಶ್ನೆಗಳಿಗೆ ಏರುಕ್ರಮವಿದೆ. ನಂದಿನಿ ಬೂತಿನ ಹತ್ತಿರ, "ರಾತ್ರಿ ನಿದ್ದೆ ಬರ್ಲಿಲ್ವಾ ಆಂಟಿ?" ಇದು ಮಂದ್ರ. ಲಿಫ್ಟಿನಲ್ಲಿ, "ಹುಷಾರಿಲ್ವಾ?" ಇದು ಮಧ್ಯಮ. ಪಾರ್ಕಿನಲ್ಲಿ ವಾಕಿಂಗ್ ಬಳಗದಿಂದ, "ಶುಗರ್ ಚೆಕ್ ಮಾಡಿಸಿದ್ರಾ? ನಮ್ಮೋರ್ಗೂ ಹಿಂಗೇ ಶುರುವಾಗಿದ್ದು." ಇದರ ಜೊತೆ ಲ್ಯಾಬಿನ ನಂಬರೂ ಬರುತ್ತದೆ. ಕೊನೆಯದು ತಾರಸ್ಥಾಯಿ, ದನಿ ಮಾತ್ರ ಪಿಸುಮಾತಿನದು: "ಮಗ ಫೋನ್ ಮಾಡ್ತಿದ್ದಾನಾ?" ಇದಕ್ಕೆ ಹೌದು ಎಂದರೂ ಇಲ್ಲ ಎಂದರೂ ಕೇಳಿದವರು ಒಂದೇ ರೀತಿ ತಲೆ ಆಡಿಸುತ್ತಾರೆ. ಕೊತ್ತಂಬರಿ ತರಲು ಹೋದವಳು ಅಮೆರಿಕದಲ್ಲಿರುವ ಮಗನ ಪರವಾಗಿ ವಕಾಲತ್ತು ವಹಿಸಿ ಬರಬೇಕಾದ ಸ್ಥಿತಿ ಬರುವುದು ಎರಡು ಬೆರಳಗಲದ ಒಂದು ನೀಲಿಯಿಂದ. ಇಷ್ಟು ತಡೆಯುವುದಾದರೆ ಇನ್ನೂರೈವತ್ತು ರೂಪಾಯಿಯ ಟ್ಯೂಬು ದುಬಾರಿಯಲ್ಲ.

ಆಕ್ಷೇಪ: ಗಂಡಸರಿಗೂ ಚೀಲಗಳಿವೆಯಲ್ಲ? ಇವೆ, ಇನ್ನೂ ದೊಡ್ಡವೇ. ಆದರೆ ಅವನ್ನು ಓದುವ ವ್ಯಾಕರಣ ಬೇರೆ. ಲೇಖಕಿಯ ಮನೆಯವರು ಹಾಗೆಯೇ ಹೊರಗೆ ಹೋದರೆ "ಸಾರ್, ಈಗ್ಲೂ ಅಷ್ಟೊಂದ್ ಓದ್ತೀರಾ?" ಎನ್ನುತ್ತಾರೆ. ಅವರು ಓದುವುದು ಕ್ರಿಕೆಟ್ ಸ್ಕೋರು. ಇಲ್ಲಿಯ ಗಂಡಸರು ಮುದಿತನದ ಪ್ರಶ್ನೆಯನ್ನು ಕಣ್ಣಡಿಯಿಂದ ಎತ್ತಿ ತಲೆಯ ಮೇಲೆ ಇಟ್ಟುಕೊಂಡಿದ್ದಾರೆ. ಭಾನುವಾರ ಬೆಳಿಗ್ಗೆ ಬನಿಯನ್ನಿನಲ್ಲಿ, ಹಳೇ ಟವಲು ಹೊದ್ದು, ಕರಿ ಡೈ ಬಳಿದುಕೊಂಡು ಬಾಲ್ಕನಿಯಲ್ಲಿ ಕೂತ ಸಾಲು ಪ್ರತ್ಯೇಕ ಪ್ರಬಂಧಕ್ಕೆ ವಸ್ತು.

ಸಿದ್ಧಾಂತವನ್ನು ಪ್ರಯೋಗದಿಂದ ದೃಢಪಡಿಸುವುದು ಆಧುನಿಕರ ಚಟ. ಅವರ ಸಮಾಧಾನಕ್ಕೆ ಎಡಗಣ್ಣಿನ ಕೆಳಗೆ ಮಾತ್ರ ಲೇಪ ಹಚ್ಚಿ, ಬಲಗಣ್ಣನ್ನು ದೇವರು ಕೊಟ್ಟಂತೆ ಬಿಟ್ಟು, ಲೇಖಕಿ ಮೇನ್ ರೋಡಿನ ಎಡಬದಿಯ ಫುಟ್‌ಪಾತ್ ಹಿಡಿದು ಹೋಗಿ, ಅದೇ ಫುಟ್‌ಪಾತಿನಲ್ಲಿ ಹಿಂತಿರುಗಿದಳು. ಹೋಗುವಾಗ ಅಂಗಡಿಗಳಿಗೆ ಎಡಗಣ್ಣು, ಬರುವಾಗ ಅವೇ ಅಂಗಡಿಗಳಿಗೆ ಬಲಗಣ್ಣು. ಹೋಗುವಾಗ ಹೂವಿನಾಕೆ, "ಏನಕ್ಕಾ, ಫಂಕ್ಷನ್ನಾ?" ಎಂದು ಮಲ್ಲಿಗೆಗೆ ಗೇಣುದ್ದ ಕೊಸರು ಹಾಕಿದಳು. ಬರುವಾಗ ಅವಳೇ, "ಅಯ್ಯೋ, ಸುಸ್ತಾಗ್ಬಿಟ್ರಲ್ಲಕ್ಕಾ" ಎಂದು ಕನಕಾಂಬರಕ್ಕೂ ಗೇಣುದ್ದ ಕೊಸರು ಹಾಕಿದಳು. ಮೆಚ್ಚುಗೆಗೂ ಕನಿಕರಕ್ಕೂ ಹೂವಿನ ಬೆಲೆ ಒಂದೇ ಎಂದು ತಿಳಿದು ಸಂಶೋಧನೆ ಬಿಕ್ಕಟ್ಟಿಗೆ ಸಿಕ್ಕಿತು. ಅಷ್ಟರಲ್ಲಿ ನೇರ ಎದುರಿಗೆ ಬಂದ ಹಳೆಯ ಸಹೋದ್ಯೋಗಿಯೊಬ್ಬರು ಎರಡೂ ಕಣ್ಣನ್ನು ಒಟ್ಟಿಗೆ ನೋಡಿ, "ಪೊರೆ ಆಪರೇಷನ್ ಆಯ್ತಾ? ಒಂದಕ್ಕೇನಾ? ಎಲ್ಲಿ ಮಾಡಿಸಿದ್ರಿ, ಎಷ್ಟಾಯ್ತು?" ಎಂದು ಕೇಳಿದರು. ಇದು ಏರುಕ್ರಮದಲ್ಲಿ ಇಲ್ಲದ ಪ್ರಶ್ನೆ. ಅರ್ಧ ಲೇಪ ಪೂರ್ಣ ನಿರ್ಲೇಪಕ್ಕಿಂತ ಅಪಾಯಕಾರಿ ಎಂಬುದಷ್ಟೇ ಸಾಬೀತಾಯಿತು.

ಪ್ರಯೋಗವಿಧಿಯನ್ನು ಗುರುಮುಖದಿಂದಲೇ ಕಲಿಯಬೇಕು. ನಮ್ಮ ಗುರು ಪಾರ್ಲರಿನ ಹುಡುಗಿ. ಮಣಿಪುರದಿಂದ ಬಂದವಳು, ಕನ್ನಡವನ್ನು ಗಿರಾಕಿಗಳ ಬಾಯಿಂದಲೇ ಕಲಿತವಳು. ಫ್ಯಾನ್ಸಿ ಸ್ಟೋರಿನಲ್ಲಿ ಅಂಗೈ ಹಿಂಭಾಗಕ್ಕೆ ಬಳಿದು ಶೇಡ್ ತೋರಿಸುವುದನ್ನು ಕಂಡರೆ ಅವಳಿಗೆ ಆಗದು. "ಕೈ ಬೇರೆ, ಕಣ್ಣು ಬೇರೆ ಆಂಟಿ." ಮೊದಲು ಮಾಯಿಶ್ಚರೈಸರ್; ಚರ್ಮ ಅದನ್ನು ಹೀರಿಕೊಳ್ಳುವವರೆಗೆ ಕಾಫಿ ಕುಡಿಯಬೇಕು. ನೀಲಿಯನ್ನು ಕಿತ್ತಳೆ ಕೊಲ್ಲುತ್ತದೆ, ಆದ್ದರಿಂದ ಮೂಗಿನ ಪಕ್ಕದ ಮೂಲೆಗೆ ಮಾತ್ರ ಪೀಚ್ ಅಥವಾ ಕಿತ್ತಳೆ ಛಾಯೆಯ ಕರೆಕ್ಟರ್, ಅಕ್ಕಿಕಾಳಿಗಿಂತ ಕಡಿಮೆ. ಉಂಗುರದ ಬೆರಳಿನಿಂದ ತಟ್ಟಬೇಕು, ಆ ಬೆರಳಿಗೆ ಜೋರು ಕಡಿಮೆ. ಉಜ್ಜಕೂಡದು. ಚೀಲವನ್ನು ಮುಟ್ಟಕೂಡದು. ಪೌಡರ್ ಬೇಡವೇ ಬೇಡ, ಇರುವ ಜಿಡ್ಡನ್ನೂ ಅದು ಕುಡಿದುಬಿಡುತ್ತದೆ. "ಜಾಸ್ತಿ ಹಚ್ಚಿದ್ರೆ ಜಾಸ್ತಿ ಕಾಣುತ್ತೆ" ಎಂದು ಅವಳು ಹೇಳಿದ್ದನ್ನು ಸೂತ್ರವೆಂದೇ ತಿಳಿಯತಕ್ಕದ್ದು. ಅದಕ್ಕೆ ಭಾಷ್ಯ ಬರೆಯಲು ಹೋದರೆ ಹಾಳಾಗುತ್ತದೆ.

ಪ್ರಶ್ನೆಗಳ ಪಟ್ಟಿಯಲ್ಲಿ ಒಂದು ಉಳಿಯಿತು. ಪ್ರತಿ ನವೆಂಬರಿನಲ್ಲಿ ಸರ್ಕಾರ ಪಿಂಚಣಿದಾರರನ್ನು "ಬದುಕಿದ್ದೀರಾ?" ಎಂದು ಕೇಳುತ್ತದೆ. 2021ರ ನವೆಂಬರಿನಿಂದ ಈ ಪ್ರಶ್ನೆಗೆ ಮೊಬೈಲ್ ಮುಂದೆ ಮುಖವಿಟ್ಟೇ ಉತ್ತರ ಕೊಡಬಹುದು. ಆಧಾರ್ ಫೋಟೊದಲ್ಲಿ ಲೇಪವಿರಲಿಲ್ಲ, ಹಾಗಿರುವಾಗ ಲೇಪಿತಳು ಅಲೇಪಿತಳೊಂದಿಗೆ ಅಭಿನ್ನಳೋ ಭಿನ್ನಳೋ ಎಂಬ ಸೂಕ್ಷ್ಮ ಪ್ರಶ್ನೆ ಎದ್ದಿತು. ಮನೆಯವರು "ಒರೆಸ್ಕೊಂಡ್ ಕೂತ್ಕೋ, ಪೆನ್ಷನ್ ನಿಂತ್ಹೋದೀತು" ಎಂದರು. ಲೇಖಕಿ ಒರೆಸಿಕೊಳ್ಳಲಿಲ್ಲ. ಮೊಬೈಲು ನಿದ್ದೆಯ ಬಗ್ಗೆ ವಿಚಾರಿಸಲಿಲ್ಲ, ಶುಗರ್ ಬಗ್ಗೆ ಸೊಲ್ಲೆತ್ತಲಿಲ್ಲ. ಕಣ್ಣು ಮಿಟುಕಿಸಿ ಎಂದಿತು. ಮಿಟುಕಿಸಿದ ರಭಸಕ್ಕೆ ಅಷ್ಟು ಜೋಪಾನವಾಗಿ ತಟ್ಟಿ ಕೂರಿಸಿದ್ದ ಲೇಪವೆಲ್ಲ ಗೆರೆಗಿಳಿಯಿತು, ಮತ್ತು ಜೀವಂತ ಎಂದು ರಸೀದಿ ಬಂತು.