ಚಿಲ್ಕೂರಿನ ವೀಸಾ ಬಾಲಾಜಿಗೆ ಒಂದು ಬಹಿರಂಗ ಪತ್ರ

ಸ್ವಾಮಿ,

ಹೈದರಾಬಾದಿನ ಕಾಚಿಗುಡದ ಕನ್ನಡಿಗನೊಬ್ಬನ ಸಾಷ್ಟಾಂಗ ನಮಸ್ಕಾರ. ನಿನಗೆ ಪುರುಸೊತ್ತಿಲ್ಲ, ಬಲ್ಲೆ. ಅಮೀರ್‌ಪೇಟೆಯ ಕನ್ಸಲ್ಟೆನ್ಸಿಯಿಂದ ನೇರ ನಿನ್ನಲ್ಲಿಗೆ ಬರುವ ಹುಡುಗರು ಹನ್ನೊಂದು ಪ್ರದಕ್ಷಿಣೆ ಹಾಕುತ್ತಾರೆ. ವೀಸಾ ಸಿಕ್ಕರೆ ಮತ್ತೆ ಬಂದು ನೂರೆಂಟು. 2008ರಲ್ಲಿ ಅಮೆರಿಕದ ಕಾನ್ಸುಲೇಟ್ ಹೈದರಾಬಾದಿಗೇ ಬಂದ ಮೇಲೆ ಕೇಳಬೇಕೆ! ಹುಂಡಿಯಿಲ್ಲದ ದೇವರೆಂಬ ಕೀರ್ತಿ ಬೇರೆ. ಹೊರಗೆ ಹೋಗುವವರ ಖಾತೆ ನಿನ್ನದಾಯಿತು. ಒಳಗೆ ಬರುವವರದು ಯಾರದು?

ಸುಡಾನ್, ಯೆಮೆನ್, ಸೊಮಾಲಿಯಾಗಳಿಂದ ಬಿ.ಕಾಂ., ಬಿಎಸ್ಸಿ ಓದಲು ಬಂದವರು ಟೋಲಿಚೌಕಿಯಲ್ಲಿ ಮನೆ ಹುಡುಕುತ್ತಿದ್ದಾರೆ. ಕರೆದವರು ನಾವೇ. 2018ರಲ್ಲಿ ಕೇಂದ್ರ ಸರ್ಕಾರ ‘ಸ್ಟಡಿ ಇನ್ ಇಂಡಿಯಾ’ ಎಂದು ಡಂಗುರ ಹೊಡೆಸಿತು. 2022ರಲ್ಲಿ ಯುಜಿಸಿ, ಮಂಜೂರಾದ ಸೀಟುಗಳ ಮೇಲೆ ಶೇ. 25ರವರೆಗೆ ವಿದೇಶಿಯರಿಗೆ ಹೆಚ್ಚುವರಿ ಸೀಟು ಕೊಡಬಹುದೆಂದಿತು, ಪ್ರವೇಶ ಪರೀಕ್ಷೆಯ ಗೋಜಿಲ್ಲದೆ. ನಿಜವಾದ ಪರೀಕ್ಷೆ ವಿಮಾನ ಇಳಿದ ಮೇಲೆ.

ಅವರ ಹನ್ನೆರಡನೇ ತರಗತಿಯ ಅಂಕಪಟ್ಟಿ ನಮ್ಮ ಪಿಯುಸಿಗೆ ಸಮ ಎಂಬ ಮಾನ್ಯತೆ ಸಿಗಬೇಕು. ಶುಲ್ಕ ಡಾಲರಿನಲ್ಲಿ. ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಓದಲ್ಲಿ ನೋಂದಣಿ. ಅದಕ್ಕೆ ವಿಳಾಸದ ದಾಖಲೆ ಬೇಕು. ವಿಳಾಸ ಕೊಡಬೇಕಾದ ಮನೆ ಮಾಲೀಕ ಮೊದಲು ನೋಂದಣಿ ತೋರಿಸು ಅನ್ನುತ್ತಾನೆ. ಅವನನ್ನೂ ದೂರುವಂತಿಲ್ಲ, ವಿದೇಶಿ ಬಂದಿಳಿದ 24 ಗಂಟೆಯಲ್ಲಿ ಸರ್ಕಾರಕ್ಕೆ ತಿಳಿಸುವ ಹೊರೆ ಅವನ ತಲೆಯ ಮೇಲಿದೆ. ವಿದೇಶಿಯರಿಗೆ ಮನೆ ಕೊಡಲು ನಮ್ಮ ಗಲ್ಲಿಯಲ್ಲಿ ಯಾರದೂ ತಕರಾರಿಲ್ಲ ಸ್ವಾಮಿ, ಬಾಡಿಗೆ ಮಾತ್ರ ಸ್ವಲ್ಪ ವಿದೇಶಿ. ಅಲ್ಲಾಹುವಿನ ಭಕ್ತರು ಪ್ರದಕ್ಷಿಣೆ ಹಾಕರು ಎಂಬ ಚಿಂತೆ ನಿನಗೆ ಬೇಡ. ಕಾಲೇಜು, ಬ್ಯಾಂಕು, ಜೆರಾಕ್ಸ್ ಅಂಗಡಿಗಳ ಸುತ್ತ ಹಾಕಿದ್ದನ್ನೇ ಜಮಾ ಮಾಡಿಕೊ.

ನಮ್ಮವರ ಮಗ ಟೆಕ್ಸಾಸಿನ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು. ಇಷ್ಟೇನಾ ಎಂದು ಅವರಪ್ಪ ಇಲ್ಲಿ ಕೂತು ಅಮೆರಿಕವನ್ನು ಬೈಯುತ್ತಾರೆ. ನಮ್ಮ ವಿದ್ಯಾರ್ಥಿ ವೀಸಾದಲ್ಲಿ ಬಂದವನು ಇರಾನಿ ಹೋಟೆಲಿನಲ್ಲಿ ಕಪ್ಪು ತೊಳೆದರೂ ಅಪರಾಧ. 2023ರ ಏಪ್ರಿಲಿನಲ್ಲಿ ಸುಡಾನಿನ ರಾಜಧಾನಿ ಖಾರ್ಟೂಮಿನಲ್ಲಿ ಯುದ್ಧ ಹತ್ತಿಕೊಂಡಿತು. ಮನೆಯಿಂದ ಹಣ ಬಾರದಿದ್ದರೆ ಹುಡುಗ ಏನು ಮಾಡಬೇಕೆಂಬುದಕ್ಕೆ ಯಾವ ಅರ್ಜಿಯಲ್ಲೂ ಅಂಕಣವಿಲ್ಲ. ಹಾಜರಿ ಮಾತ್ರ ಶೇ. 75 ಇರಲೇಬೇಕು.

ಬೇರೆ ಊರಿನಿಂದ ಬಂದು ಓದುವುದು ಇಲ್ಲಿ ಹೊಸದೇನಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು 1918ರಲ್ಲಿ ನಿಜಾಮರು ತೆರೆದಾಗ ಪಾಠ ಉರ್ದುವಿನಲ್ಲಿ. ಬೀದರ್, ಕಲಬುರಗಿ, ರಾಯಚೂರಿನ ನಮ್ಮ ಹಿರಿಯರು ಮನೆಯಲ್ಲಿ ಕನ್ನಡವಾಡುತ್ತ ಅಲ್ಲಿ ಓದಿ ವಕೀಲರಾದರು. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು. ಆದರೂ ಅವರ ಮೊಮ್ಮಕ್ಕಳಿಗೆ ಯಾರೂ 14 ದಿನದ ಗಡುವು ಹಾಕಲಿಲ್ಲ. ಅದೃಷ್ಟವಂತರು.

ಈಗಿನ ವಿದೇಶಿ ಹುಡುಗನಿಗೆ ಆರು ಸೆಮಿಸ್ಟರ್ ದಾಟಿದರೂ ಬಿಡುಗಡೆಯಿಲ್ಲ. ಪದವಿ ಪತ್ರಕ್ಕೆ ರಾಜ್ಯ ಸರ್ಕಾರದ ಮುದ್ರೆ, ವಿದೇಶಾಂಗ ಸಚಿವಾಲಯದ ಮುದ್ರೆ, ಆಮೇಲೆ ಅವರದೇ ರಾಯಭಾರ ಕಚೇರಿಯ ಮುದ್ರೆ. ಅಷ್ಟರಲ್ಲಿ ಹುಡುಗ ಕಡತ ವಿಲೇವಾರಿಯಲ್ಲಿ ನಮ್ಮ ಐಎಎಸ್‌ನವರಿಗೇ ಪಾಠ ಹೇಳುವಷ್ಟು ಪಳಗಿರುತ್ತಾನೆ. ಆ ವಿಷಯಕ್ಕೆ ಅಂಕವಿಲ್ಲ, ಅಷ್ಟೆ.

ಇದೆಲ್ಲ ನಿಧಾನವಾಗಿ ನೋಡು. ಸದ್ಯಕ್ಕೆ ಒಂದೇ ತುರ್ತು ಕೆಲಸ. ನಮ್ಮ ಬೀದಿಯ ಹುಡುಗನೊಬ್ಬನ ವೀಸಾ ಮುಂದಿನ ವಾರ ಮುಗಿಯುತ್ತದೆ. ಬೋನಫೈಡ್ ಸರ್ಟಿಫಿಕೇಟ್ ಕೊಡಬೇಕಾದ ಗುಮಾಸ್ತರು ರಜೆ ಹಾಕಿ ತಿರುಪತಿಗೆ ಹೋಗಿದ್ದಾರಂತೆ. ಅಲ್ಲಿರುವವನೂ ನೀನೇ ತಾನೆ? ಬೇಗ ದರ್ಶನ ಕೊಟ್ಟು ಕಳಿಸಿಬಿಡು.

ಇಂತಿ,
ಕಾಚಿಗುಡದ ಬಡ ಭಕ್ತ