ಆಗಮ, ಲೋಪ, ಆದೇಶ: ಆನ್‌ಲೈನ್ ಕೋರ್ಸನ್ನು ಅರ್ಧಕ್ಕೆ ಬಿಟ್ಟ ವೈದ್ಯ-ದಾದಿಯರ ಕುರಿತು ಒಂದು ಮಹಾಪ್ರಬಂಧ

ವೈದ್ಯರು, ನರ್ಸುಗಳು, ಫಾರ್ಮಸಿಸ್ಟರು ಆನ್‌ಲೈನ್ ಕೋರ್ಸಿಗೆ ಸೇರುತ್ತಾರೆ, ಅರ್ಧಕ್ಕೇ ಬಿಡುತ್ತಾರೆ. ಏಕೆಂದು ಅವರನ್ನೇ ಕೇಳೋಣವೆಂದರೆ, ಕೋರ್ಸು ಬಿಟ್ಟವರು ಪ್ರಶ್ನಾವಳಿಯನ್ನು ಮಾತ್ರ ಕೊನೆತನಕ ತುಂಬುತ್ತಾರೆಂದು ನಂಬಲು ಆಧಾರವಿಲ್ಲ. ಆದಕಾರಣ ಪ್ರಸ್ತುತ ಪ್ರಬಂಧಕಾರನು ಸಮೀಕ್ಷೆಯ ಹಾದಿ ಬಿಟ್ಟು ವ್ಯಾಕರಣದ ಹಾದಿ ಹಿಡಿದಿದ್ದಾನೆ. ಕನ್ನಡ ಸಂಧಿಗಳು ಮೂರು ಎಂದು ಹೈಸ್ಕೂಲಿನಲ್ಲಿ ಬೆತ್ತದ ನೆರವಿನಿಂದ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು.

ಮೊದಲನೆಯದು ಆಗಮ. ಇಲ್ಲದ ಅಕ್ಷರವೊಂದು ಎಲ್ಲಿಂದಲೋ ಬಂದು ಸೇರಿಕೊಳ್ಳುವುದು. ಆನ್‌ಲೈನ್ ಕಲಿಕೆಯಲ್ಲಿ ಇದನ್ನು ನೋಂದಣಿ ಎನ್ನುತ್ತಾರೆ. ಹಾರ್ವರ್ಡ್ ಮತ್ತು ಎಂಐಟಿ ಕೂಡಿ ಶುರುವಿಗೆ ನಡೆಸಿದ 17 ಆನ್‌ಲೈನ್ ಕೋರ್ಸುಗಳ ಲೆಕ್ಕ 2014ರಲ್ಲಿ ಹೊರಬಂತು. ನೋಂದಣಿ 8,41,687. ಪ್ರಮಾಣಪತ್ರ 43,196. ಪಾಠದ ಬಾಗಿಲನ್ನೂ ತಟ್ಟದವು 2,92,852. ಮದುವೆಮನೆಯಲ್ಲಿ ಮುಯ್ಯಿ ಬರೆಸಿ ಊಟಕ್ಕೆ ಕೂರದೆ ಹೋದವರ ಹಾಗೆ. ಅವರೆಲ್ಲ ಡಾಕ್ಟರರಲ್ಲ, ನಾನಾ ಕಸುಬಿನವರು. ರೋಗಲಕ್ಷಣ ಮಾತ್ರ ಒಂದೇ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಂತು ‘ಅವರಿಗೆ ಪುರುಸೊತ್ತಿಲ್ಲ, ಪಾಪ’ ಎನ್ನುತ್ತಾರೆ. ಲೆಕ್ಕ ಹಾಕೋಣ. ವೈದ್ಯರ ವೃತ್ತಿನಡತೆಯ 2002ರ ನಿಯಮಾವಳಿ ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಕಲಿಯಿರಿ ಎನ್ನುತ್ತದೆ. ಅಂದರೆ 1,800 ನಿಮಿಷ. ಐದು ವರ್ಷಕ್ಕೆ ದಿನಗಳು 1,826. ದಿನಕ್ಕೆ ಒಂದು ನಿಮಿಷವೂ ಬೀಳಲಿಲ್ಲ! ಸೋಪು ಹಚ್ಚಿ ಕೈ ತೊಳೆಯಲು ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಕಾಲ 40ರಿಂದ 60 ಸೆಕೆಂಡು. ಆದ್ದರಿಂದ ಒಬ್ಬ ವೈದ್ಯನ ದೈನಂದಿನ ವಿದ್ಯಾಭ್ಯಾಸವು ಒಂದು ಕೈತೊಳೆತಕ್ಕೆ ಸಮ. ನರ್ಸುಗಳಿಗೆ ಐದು ವರ್ಷಕ್ಕೆ 150 ಗಂಟೆ, ಅಂದರೆ ದಿನಕ್ಕೆ ಐದು ಕೈತೊಳೆತ. ಅದೇ ಸಂಸ್ಥೆ ಕೈ ಶುಚಿಗೆ ಗೊತ್ತುಮಾಡಿರುವ ಸಂದರ್ಭಗಳೂ ಸರಿಯಾಗಿ ಐದು. ಇದು ಕಾಕತಾಳೀಯವೆಂದು ವಾದಿಸುವವರೊಡನೆ ನಾನು ಮಾತಾಡುವುದಿಲ್ಲ.

ಎರಡನೆಯದು ಲೋಪ. ‘ಊರು’ ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ಆ ಉಕಾರ ಎಲ್ಲಿಗೆ ಹೋಯಿತೆಂದು ಯಾರೂ ಹುಡುಕುವುದಿಲ್ಲ. ನಾನು ಹುಡುಕಿದೆ. ಸೋದರಮಾವನ ಹರ್ನಿಯಾ ಆಪರೇಷನ್ನಿಗೆಂದು ಮೂರು ರಾತ್ರಿ ವಾರ್ಡಿನ ಬೆಂಚಿನ ಮೇಲೆ ಮಲಗಿದ್ದೆ. ಇದನ್ನು ಇನ್ನು ಮುಂದೆ ಕ್ಷೇತ್ರಕಾರ್ಯ ಎಂದು ಕರೆಯಲಾಗುವುದು. ಎರಡನೇ ರಾತ್ರಿ, ಎರಡು ಗಂಟೆ ಸುಮಾರು. ಡ್ಯೂಟಿ ಸಿಸ್ಟರ್ ಫೋನನ್ನು ಸ್ಪಿರಿಟ್ ಬಾಟಲಿಗೆ ಒರಗಿಸಿ ವಿಡಿಯೋ ಪಾಠ ನೋಡುತ್ತಿದ್ದರು. ವಿಷಯ: ಕೈ ತೊಳೆಯುವ ಕ್ರಮ. ಅವಧಿ: 22 ನಿಮಿಷ. ಮುಗಿಯುವ ತನಕ ‘ಮುಂದೆ’ ಎಂಬ ಗುಂಡಿ ಬೂದು ಬಣ್ಣದಲ್ಲಿ ಮುಖ ಊದಿಸಿಕೊಂಡಿರುತ್ತದೆ. 13ನೇ ನಿಮಿಷಕ್ಕೆ ಒಂಬತ್ತನೇ ಹಾಸಿಗೆಯ ಅಜ್ಜ ನರಳಿದರು. ಸಿಸ್ಟರ್ ಪಾಠ ನಿಲ್ಲಿಸಿದರು, ಎದ್ದು ಕೈ ತೊಳೆದರು, ಹೋಗಿ ಊದಿದ್ದ ಕೈಯ ಡ್ರಿಪ್ ತೆಗೆದು ಇನ್ನೊಂದು ಕೈಗೆ ಹಾಕಿದರು, ಅಜ್ಜನ ಹೊದಿಕೆ ಸರಿಮಾಡಿದರು, ಬಂದು ಮತ್ತೆ ಕೈ ತೊಳೆದರು. ಬೆರಳ ಸಂದು, ಹೆಬ್ಬೆರಳು, ಉಗುರ ತುದಿ, ಒಂದೂ ಬಿಡದೆ. ಒದ್ದೆ ಕೈ ಒರೆಸಿಕೊಂಡು ನೋಡಿದರೆ ಪರದೆಯ ಮೇಲೆ ಬರೆದಿತ್ತು: ‘ನೀವು ಬಹಳ ಹೊತ್ತಿನಿಂದ ನಿಷ್ಕ್ರಿಯರಾಗಿದ್ದೀರಿ. ಮತ್ತೆ ಲಾಗಿನ್ ಆಗಿ.’ ಒಟಿಪಿ ಹೋದದ್ದು ಮನೆಯಲ್ಲಿ ಮಲಗಿದ್ದ ಗಂಡನ ಫೋನಿಗೆ.

‘ನಾನು ನಿಷ್ಕ್ರಿಯಳಂತೆ, ನೋಡಿ ಸಾರ್’ ಎಂದು ನಕ್ಕು ಫೋನನ್ನು ಬೋರಲು ಹಾಕಿದರು. ಲೋಪ ಸಂಧಿ ಇಷ್ಟೇ.

ಮೂರನೆಯದು ಆದೇಶ. ವ್ಯಾಕರಣದಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬರುವುದು, ಮಳೆಗಾಲದಲ್ಲಿ ‘ಕ’ ಹೋಗಿ ‘ಗ’ ಬಂದಂತೆ. ಕಚೇರಿಯಲ್ಲಿ ಆದೇಶವೆಂದರೆ ಸುತ್ತೋಲೆ. ಎರಡೂ ಅರ್ಥ ಒಂದಾಗುವ ಅಪೂರ್ವ ಕ್ಷೇತ್ರವಿದು: ‘ತಿಂಗಳೊಳಗೆ ಶೇ. 100 ಪೂರ್ಣಗೊಳಿಸತಕ್ಕದ್ದು’ ಎಂದು ಮೇಲಿನಿಂದ ಆದೇಶ ಬಂದೊಡನೆ ಡಾಕ್ಟರರ ಜಾಗಕ್ಕೆ ಪಿಯುಸಿ ಓದುವ ಮಗ ಬರುತ್ತಾನೆ. ‘ಮೇಲಿನ ಎಲ್ಲವೂ’ ಎಂಬ ಉತ್ತರದ ಮೇಲೆ ಅವನಿಗೆ ಅಚಲ ಭಕ್ತಿ. ಇಂಥ ಕೋರ್ಸುಗಳಲ್ಲಿ ನಡುವೆ ಬಿಡುವವರೇ ಇಲ್ಲ.

ಹಾಗಾದರೆ ಹೋಟೆಲಿನ ಹಾಲಿನಲ್ಲಿ ನಡೆಯುವ ಹಳೆಯ ಕಾಲದ ಸಮ್ಮೇಳನವನ್ನು ಯಾರೂ ನಡುವೆ ಬಿಡುತ್ತಿರಲಿಲ್ಲವೇ? ಬಿಡುತ್ತಿದ್ದರು, ಧಾರಾಳವಾಗಿ. ಆದರೆ ಅಲ್ಲಿ ಬ್ಯಾಗು, ಪೆನ್ನು, ಹೋಳಿಗೆಯ ಊಟ ಇದ್ದವು. ಊಟದ ನಂತರ ಮುಂದಿನ ಸಾಲಿನಲ್ಲಿ ಉಳಿಯುತ್ತಿದ್ದವರು ಮುಂದಿನ ಭಾಷಣಕಾರ ಮತ್ತು ಅವನ ಮುಂದಿನ ಭಾಷಣಕಾರ. ನಿದ್ದೆಹೋದವನನ್ನು ಹಾಲು ಹಾಜರಿ ಎಂದೇ ಬರೆದುಕೊಳ್ಳುತ್ತಿತ್ತು. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಕೋರ್ಸು ಬಿಡುವುದು ಹೊಸ ರೋಗವಲ್ಲ, ಈಗ ಥರ್ಮಾಮೀಟರ್ ಇಟ್ಟಿದ್ದಾರೆ ಅಷ್ಟೆ.

ಸಿದ್ಧಾಂತಕ್ಕೆ ಒಗ್ಗದ ಅಪವಾದವೊಂದಿದೆ. ಸಂಶೋಧಕನ ಧರ್ಮದಂತೆ ಅದನ್ನು ಮೂಲೆಗೆ ತಳ್ಳುತ್ತೇನೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಹೆಪಟೈಟಿಸ್ ಸಿ ರೋಗಿಗಳು ತಜ್ಞರಿಗಾಗಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಡಾ. ಸಂಜೀವ್ ಅರೋರಾ 2003ರಲ್ಲಿ ‘ಎಕೋ’ ಶುರುಮಾಡಿದರು: ಹಳ್ಳಿಗಾಡಿನ ವೈದ್ಯರು ವಿಡಿಯೋದಲ್ಲಿ ಕೂಡಿ ತಂತಮ್ಮ ರೋಗಿಯ ಸಂಗತಿ ಹೇಳುವುದು, ತಜ್ಞರೊಡನೆ ಚರ್ಚಿಸುವುದು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಮಾದರಿಯಲ್ಲಿ ಕಲಿಸುತ್ತದೆ. ಅಲ್ಲಿ ಕಲಿಯುವವನೇ ಪ್ರಶ್ನೆ ಕೇಳುತ್ತಾನೆ. ಪ್ರಶ್ನೆ ಅವನ ವಾರ್ಡಿನಿಂದಲೇ ಎದ್ದುಬಂದಿರುತ್ತದೆ. ಬೂದು ಗುಂಡಿಯಿಲ್ಲದ ಇಂಥ ಅಶಿಸ್ತನ್ನು ಶಿಕ್ಷಣವೆನ್ನಲು ನಮ್ಮ ಶಾಸ್ತ್ರ ಒಪ್ಪುವುದಿಲ್ಲ.

ಒಂಬತ್ತನೇ ಹಾಸಿಗೆಯ ಅಜ್ಜ ಶುಕ್ರವಾರ ಡಿಸ್‌ಚಾರ್ಜ್ ಆಗಿ ಮನೆಗೆ ಹೋದರು. ಸಿಸ್ಟರ್ ಅವರ ಕೈತೊಳೆಯುವ ಕೋರ್ಸು ಶೇ. 59ರಲ್ಲಿ ನಿಂತಿದೆ.