ಫೇರೋನ ಪ್ರಚಾರ ಸಭೆ

(2023ರ ಅಕ್ಟೋಬರ್. ‘ಟೋಟಲ್ ವಾರ್: ಫೇರೋ’ ವಿಡಿಯೊ ಗೇಮ್ ಬಿಡುಗಡೆಗೆ ಮುನ್ನ. ಸಭೆ ಕಾಲ್ಪನಿಕ, ಬೆಲೆ ನಿಜ.)

ಮೂರನೇ ರಾಮ್ಸೆಸ್: ಸುದ್ದಿ ಜನಕ್ಕೆ ಮುಟ್ಟಿತೇನಯ್ಯಾ?

ಪ್ರಚಾರಾಧಿಕಾರಿ: ಬೆಲೆ ಮುಟ್ಟಿದೆ ಪ್ರಭು. 60 ಡಾಲರ್.

ರಾಮ್ಸೆಸ್: ಹಾಗಾದರೆ ಬ್ಯಾಬಿಲೋನ್, ಮೈಸಿನೆ ಎಲ್ಲ ಇರಬೇಕು!

ಅಧಿಕಾರಿ: ಈಜಿಪ್ಟ್, ಕಾನಾನ್, ಹಿಟ್ಟೈಟರ ನಾಡು. ಉಳಿದದ್ದು ನಕ್ಷೆಯ ಅಂಚಿನಾಚೆ.

ರಾಮ್ಸೆಸ್: ಕಂಚಿನ ಯುಗವೇ ಕುಸಿಯುತ್ತದೆ ಅಂತ ಡಂಗುರ ಹೊಡೆದಿರಲ್ಲೋ!

ಅಧಿಕಾರಿ: ಕುಸಿತ ಕಂತಿನಲ್ಲಿ, ಪ್ರಭು. ದುಬಾರಿ ಆವೃತ್ತಿ ಕೊಂಡವರಿಗೆ ಮುಂದಿನ ಹೆಚ್ಚುವರಿ ಕಂತುಗಳೂ (ಡಿಎಲ್‌ಸಿ) ಸಿಗುತ್ತವೆ.

ರಾಮ್ಸೆಸ್: ದಾಳಿಗೆ ಬಂದ ಕಡಲ ಜನರನ್ನು ಬಡಿದಾಗ ಮೆದಿನೆತ್ ಹಬು ದೇಗುಲದ ಗೋಡೆ ತುಂಬ ಕೆತ್ತಿಸಿದೆ. ಮೂರು ಸಾವಿರ ವರ್ಷವಾಯಿತು, ಈಗಲೂ ಟಿಕೆಟ್ ಕೊಂಡು ನೋಡುತ್ತಾರೆ. ನಿಮ್ಮ ಟ್ರೇಲರ್ ನೋಡಿ ಏನೆಂದರು?

ಅಧಿಕಾರಿ: ‘ಇದಿರಲಿ, ಮೀಡಿವಲ್ 3 ಗೇಮ್ ಯಾವಾಗ?’ ಎಂದರು.

(ಡಿಸೆಂಬರಿನಲ್ಲಿ ಬೆಲೆ 40ಕ್ಕೆ ಇಳಿಯಿತು, ಆಗಲೇ ಕೊಂಡವರಿಗೆ ಒಂದಿಷ್ಟು ಹಣ ವಾಪಸ್. 2024ರ ಜುಲೈನಲ್ಲಿ ಬ್ಯಾಬಿಲೋನ್, ಮೈಸಿನೆ ಪುಕ್ಕಟೆಯಾಗಿ ಬಂದವು. ಡಂಗುರದವನು ಅಷ್ಟರಲ್ಲಿ ಮನೆಗೆ ಹೋಗಿದ್ದನೋ ಏನೋ.)